ಇಬ್ಬರ ಕೆಲಸ ಎರಡು ದಿಕ್ಕಿಗಿದ್ದರೆ ಮನೆ ಎಲ್ಲಿ ಮಾಡಬೇಕು? ಬೆಂಗಳೂರಿನ ದಂಪತಿಗಳಿಗೆ ಒಂದು ಮಾರ್ಗದರ್ಶಿ

ಗಂಡನ ಕಚೇರಿ ವೈಟ್‌ಫೀಲ್ಡ್‌ನಲ್ಲಿ, ಹೆಂಡತಿಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹಾಗಿದ್ದರೆ ಮನೆ ಎಲ್ಲಿ ಮಾಡುವುದು ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಜಾಗಗಳ ಹೆಸರು ಬದಲಾಗುತ್ತದೆ. ಒಬ್ಬರಿಗೆ ಅದು ಪೀಣ್ಯ ಮತ್ತು ಬೊಮ್ಮಸಂದ್ರ, ಇನ್ನೊಬ್ಬರಿಗೆ ಬಿಡದಿ ಮತ್ತು ಮಾನ್ಯತಾ. ತೊಡಕು ಮಾತ್ರ ಒಂದೇ. ಹೆಚ್ಚಿನವರು ನಕ್ಷೆ ತೆರೆದು ಎರಡು ಕಚೇರಿಗಳ ನಡುವೆ ಗೀಟೆಳೆದು, ಅದರ ಮಧ್ಯದಲ್ಲಿ ಮನೆ ಹುಡುಕಲು ಹೊರಡುತ್ತಾರೆ. ನಾವೂ ಮೊದಲ ಮನೆಯನ್ನು ಹಾಗೆಯೇ ಆರಿಸಿಕೊಂಡು, ಹನ್ನೊಂದು ತಿಂಗಳು ಇಬ್ಬರೂ ದಣಿದೆವು. ಬೆಂಗಳೂರಿನಲ್ಲಿ ನಡುವಿನ ಜಾಗವೆಂದರೆ ಬಹುಪಾಲು ಇಬ್ಬರೂ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಜಾಗ. ಆದ್ದರಿಂದ ಮನೆ ಆರಿಸಬೇಕಾದದ್ದು ಕಿಲೋಮೀಟರ್ ಲೆಕ್ಕದಿಂದಲ್ಲ, ವಾರಕ್ಕೆ ಎಷ್ಟು ಹೊತ್ತು ದಾರಿಯಲ್ಲಿ ಕಳೆಯುತ್ತದೆ ಮತ್ತು ಆ ಹೊತ್ತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಲೆಕ್ಕದಿಂದ. ಅದನ್ನು ಹಂತಹಂತವಾಗಿ ಹೇಗೆ ಮಾಡುವುದೆಂದು ಇಲ್ಲಿ ವಿವರಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ದಾರಿ ತೋರಿಸುವ ಆ್ಯಪ್ ಇರುವ ಫೋನು, ಕೆಲಸದ ದಿನದ ಎರಡು ಬೆಳಿಗ್ಗೆ ಮತ್ತು ಎರಡು ಸಂಜೆ, ಇವುಗಳ ಜೊತೆಗೆ ಗಂಡಹೆಂಡತಿ ಇಬ್ಬರೂ ಕೂತು ಮಾತನಾಡಲು ಬಿಡುವಿನ ಒಂದು ಗಂಟೆ. ಈ ಕೊನೆಯದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುವವರೇ ಹೆಚ್ಚು.

ಹಂತ 1: ವಾರದ ಪಟ್ಟಿ ಬರೆಯಿರಿ

ಮನೆ ನೋಡುವುದಕ್ಕೆ ಮೊದಲು ಇಬ್ಬರೂ ತಮ್ಮ ತಮ್ಮ ವಾರವನ್ನು ಕಾಗದದ ಮೇಲೆ ಬರೆಯಬೇಕು. ಕಚೇರಿಗೆ ಕಡ್ಡಾಯವಾಗಿ ಹೋಗಬೇಕಾದ ದಿನಗಳೆಷ್ಟು, ಯಾವುವು? ಎಷ್ಟು ಹೊತ್ತಿಗೆ ಒಳಗಿರಬೇಕು, ಎಷ್ಟು ಹೊತ್ತಿಗೆ ಹೊರಡಬಹುದು? ತಡವಾದರೆ ಸಂಬಳ ಕಡಿತವೇ, ಅಥವಾ ಸಂಜೆ ಅರ್ಧ ಗಂಟೆ ಹೆಚ್ಚು ಕೂತರೆ ನಡೆಯುತ್ತದೆಯೇ? ಕಾರ್ಖಾನೆಯ ಪಾಳಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಕೆಲಸ ಮಾಡುವವರಿಗೆ ಹತ್ತು ನಿಮಿಷದ ರಿಯಾಯಿತಿಯೂ ಇರುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗಿ, ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವ ಹೈಬ್ರಿಡ್ ಪದ್ಧತಿಯವರು ಬೆಳಿಗ್ಗೆ ಹನ್ನೊಂದಕ್ಕೆ ಹೋದರೂ ಕೆಲವೆಡೆ ಕೇಳುವವರಿಲ್ಲ. ಇವರಿಬ್ಬರ ಪ್ರಯಾಣವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಎಚ್ಚರಿಕೆ: ಹೈಬ್ರಿಡ್ ಪದ್ಧತಿ ಶಾಶ್ವತವೆಂದು ನಂಬಿ ದೂರದಲ್ಲಿ ಮನೆ ಮಾಡಬೇಡಿ. ಕಂಪನಿಗಳು ಒಂದು ಮಿಂಚಂಚೆಯಲ್ಲಿ ಎರಡು ದಿನವನ್ನು ನಾಲ್ಕು ದಿನ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಲೆಕ್ಕವನ್ನು ಈಗಿನ ದಿನಗಳಿಗೆ ಒಮ್ಮೆ ಹಾಕಿ, ಐದು ದಿನಕ್ಕೆ ಇನ್ನೊಮ್ಮೆ ಹಾಕಿ. ಎರಡನೆಯ ಲೆಕ್ಕ ಸಹಿಸಲಾಗದಷ್ಟು ಕೆಟ್ಟದಾಗಿದ್ದರೆ ಆ ಬಡಾವಣೆಯನ್ನು ಕೈಬಿಡಿ.

ಹಂತ 2: ದಾಟಬಾರದ ಗಡಿಯನ್ನು ಇಬ್ಬರೂ ಒಪ್ಪಿಕೊಳ್ಳಿ

ಒಬ್ಬೊಬ್ಬರೂ ಒಂದು ಬಾರಿಯ ಪ್ರಯಾಣಕ್ಕೆ ಗರಿಷ್ಠ ಎಷ್ಟು ನಿಮಿಷ ಒಪ್ಪಬಲ್ಲರೆಂಬುದನ್ನು ಮೊದಲೇ ಹೇಳಿಬಿಡಬೇಕು. ನನ್ನ ಅನುಭವದಲ್ಲಿ ಒಂದೂವರೆ ಗಂಟೆ ಮೀರಿದರೆ ಯಾರೂ ಎರಡು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಕೆಲಸ ಬಿಡುತ್ತಾರೆ, ಇಲ್ಲವೇ ಮನೆ ಬಿಡುತ್ತಾರೆ. ನಿಮ್ಮ ಗಡಿ ಬೇರೆಯಿರಬಹುದು, ಆದರೆ ಮನೆ ಇಷ್ಟವಾದ ಮೇಲೆ ಗಡಿ ಹೇಳಲು ಹೊರಟರೆ ಅದು ತಾನಾಗಿ ಹಿಗ್ಗಿಬಿಡುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ. ಎಲ್ಲ ನಿಮಿಷಗಳೂ ಒಂದೇ ಅಲ್ಲ. ಮೆಟ್ರೊದಲ್ಲಿ ಕೂತು ಕಳೆದ ಅರವತ್ತು ನಿಮಿಷ, ಹೊರವರ್ತುಲ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕ್ಲಚ್ ಹಿಡಿದು ಕಳೆದ ನಲವತ್ತೈದು ನಿಮಿಷಕ್ಕಿಂತ ಹಗುರ. ಸ್ವತಃ ವಾಹನ ಓಡಿಸುವವರ ನಿಮಿಷಗಳನ್ನು ನಾನು ಒಂದೂವರೆ ಪಟ್ಟು ಎಂದೇ ಎಣಿಸುತ್ತೇನೆ.

ಹಂತ 3: ನಡುಬಿಂದುವನ್ನು ಬಿಟ್ಟು ಹಳಿಯನ್ನು ಹುಡುಕಿ

ವೈಟ್‌ಫೀಲ್ಡ್‌ನ ಐ.ಟಿ.ಪಿ.ಎಲ್. ಟೆಕ್ ಪಾರ್ಕಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ರಸ್ತೆಯಲ್ಲಿ ಸುಮಾರು 25 ಕಿ.ಮೀ. ದೂರವಿದೆ. ಗೀಟೆಳೆದರೆ ಮಧ್ಯದಲ್ಲಿ ಸಿಗುವುದು ಬೆಳ್ಳಂದೂರು, ಇಬ್ಬಲೂರು, ಸರ್ಜಾಪುರ ರಸ್ತೆಯ ಆಸುಪಾಸು. ಅಲ್ಲಿಂದ ಒಬ್ಬರು ಮಾರತ್‌ಹಳ್ಳಿ ಕಡೆಯ ದಟ್ಟಣೆಗೆ ಸಿಲುಕುತ್ತಾರೆ, ಇನ್ನೊಬ್ಬರು ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಗೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ನಡೆದಿದೆಯೇ ಹೊರತು ಈ ಬರಹದ ಹೊತ್ತಿಗೆ ರೈಲು ಓಡುತ್ತಿಲ್ಲ. ಅಂದರೆ ಇಬ್ಬರಿಗೂ ರಸ್ತೆಯೇ ಗತಿ.

ಆದ್ದರಿಂದ ನನ್ನ ಸಲಹೆ ಇಷ್ಟು: ಇಬ್ಬರಲ್ಲಿ ಕನಿಷ್ಠ ಒಬ್ಬರಿಗೆ, ಸಾಧ್ಯವಾದರೆ ಇಬ್ಬರಿಗೂ, ಮಾರ್ಗ ಬದಲಿಸದೆ ಒಂದೇ ರೈಲಿನಲ್ಲಿ ಕಚೇರಿಯ ಹತ್ತಿರ ಇಳಿಯುವಂತಹ ಜಾಗವನ್ನು ಹುಡುಕಿ. ಈಗ ಓಡುತ್ತಿರುವ ನಮ್ಮ ಮೆಟ್ರೊ ಮಾರ್ಗಗಳು ಮೂರು. ನೇರಳೆ ಮಾರ್ಗವು ಚಲ್ಲಘಟ್ಟದಿಂದ ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್, ಇಂದಿರಾನಗರ, ಕೆ.ಆರ್.ಪುರದ ಮೂಲಕ ವೈಟ್‌ಫೀಲ್ಡ್‌ನ ಕಾಡುಗೋಡಿವರೆಗೆ 43 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಹೋಗುತ್ತದೆ. ಹಸಿರು ಮಾರ್ಗವು ಮಾದಾವರದಿಂದ ಪೀಣ್ಯ, ಯಶವಂತಪುರ, ಮೆಜೆಸ್ಟಿಕ್, ಜಯನಗರದ ಮೂಲಕ ರೇಷ್ಮೆ ಸಂಸ್ಥೆಯವರೆಗಿದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಜಯದೇವ, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೆ 19 ಕಿ.ಮೀ. ಸಾಗುತ್ತದೆ. ನೇರಳೆ ಮತ್ತು ಹಸಿರು ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ, ಹಸಿರು ಮತ್ತು ಹಳದಿ ಆರ್.ವಿ. ರಸ್ತೆಯಲ್ಲಿ ಕೂಡುತ್ತವೆ. ನೇರಳೆಯಿಂದ ಹಳದಿಗೆ ನೇರವಾಗಿ ಹೋಗಲು ಆಗುವುದಿಲ್ಲ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಜೋಡಿಗೆ ತೊಂದರೆಯಾಗಿರುವುದೇ ಇದರಿಂದ.

ಕೆಲವು ಜೋಡಿಗಳಿಗೆ ಉತ್ತರ ಸುಲಭ. ಒಬ್ಬರು ಪೀಣ್ಯದಲ್ಲಿ, ಇನ್ನೊಬ್ಬರು ಬೊಮ್ಮಸಂದ್ರದಲ್ಲಿ ಕೆಲಸ ಮಾಡುವವರಾದರೆ ಆರ್.ವಿ. ರಸ್ತೆಯ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಹುಡುಕಬೇಕು. ಇಬ್ಬರಿಗೂ ರೈಲು ಬದಲಿಸುವ ಕೆಲಸವಿಲ್ಲ. ಬಾಡಿಗೆ ಹೆಚ್ಚೆನಿಸಿದರೆ ಹಸಿರು ಮಾರ್ಗದ ಮೇಲೆಯೇ ಬನಶಂಕರಿ ಅಥವಾ ಯಲಚೇನಹಳ್ಳಿಯವರೆಗೆ ಇಳಿಯಬಹುದು, ಆಗ ಒಬ್ಬರು ಮಾತ್ರ ಒಮ್ಮೆ ರೈಲು ಬದಲಿಸಿದರಾಯಿತು. ಬಿಡದಿಯ ಕಾರ್ಖಾನೆ ಮತ್ತು ವೈಟ್‌ಫೀಲ್ಡ್‌ನ ಕಚೇರಿಯ ಜೋಡಿಗೆ ಮೈಸೂರು ರಸ್ತೆ ಕಡೆಯ ನೇರಳೆ ನಿಲ್ದಾಣಗಳು ಹೊಂದುತ್ತವೆ. ಬಿಡದಿಗೆ ಹೋಗುವವರಿಗೆ ಕೆಂಗೇರಿಯಿಂದ ಬಸ್ಸೂ ಇದೆ, ರೈಲೂ ಇದೆ, ಕಾರ್ಖಾನೆಯ ವಾಹನವಿದ್ದರೆ ಅದೂ ಬಹುಪಾಲು ಅದೇ ದಾರಿಯಲ್ಲಿ ಬರುತ್ತದೆ. ವೈಟ್‌ಫೀಲ್ಡ್‌ನವರಿಗೆ ಪ್ರಯಾಣ ಉದ್ದವಾದರೂ ಆರಂಭದ ನಿಲ್ದಾಣಗಳ ಹತ್ತಿರವೇ ಹತ್ತುವುದರಿಂದ ಕೂರಲು ಜಾಗ ಸಿಗುವ ಸಂಭವ ಹೆಚ್ಚು.

ಎಚ್ಚರಿಕೆ: ಮುಂದೆ ಬರಲಿರುವ ಮಾರ್ಗವನ್ನು ನಂಬಿ ಇಂದೇ ಮನೆ ಮಾಡಬೇಡಿ. ವೈಟ್‌ಫೀಲ್ಡ್‌ನಿಂದ ಕೆ.ಆರ್.ಪುರದವರೆಗಿನ ಭಾಗ 2023ರ ಮಾರ್ಚ್‌ನಲ್ಲೇ ಶುರುವಾದರೂ, ಅಲ್ಲಿಂದ ಬೈಯಪ್ಪನಹಳ್ಳಿಗೆ ಇರುವ ಸುಮಾರು ಎರಡು ಕಿಲೋಮೀಟರಿನ ಕೊಂಡಿ ಸೇರಿದ್ದು ಅಕ್ಟೋಬರ್‌ನಲ್ಲಿ. ಅಷ್ಟೂ ತಿಂಗಳು ಜನ ನಡುವೆ ಇಳಿದು ಬಸ್ಸು ಹತ್ತಿದರು. ಹಳದಿ ಮಾರ್ಗದ ಕಂಬ, ಹಳಿ, ನಿಲ್ದಾಣ ಎಲ್ಲ ಸಿದ್ಧವಾದ ಮೇಲೂ ರೈಲುಗಳಿಗಾಗಿ ಕಾಯಬೇಕಾಯಿತು, ಶುರುವಾದಾಗಲೂ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದರಂತೆ ಓಡಿದವು. ಬಾಡಿಗೆದಾರರಿಗೆ ಲೆಕ್ಕಕ್ಕೆ ಬರುವುದು ಇಂದು ಓಡುವ ರೈಲು ಮಾತ್ರ.

ಹಂತ 4: ಬೀಗದಿಂದ ಗೇಟಿನವರೆಗೆ ಅಳೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ. ಬಹಳ ಮಂದಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಮನೆ ನೋಡಲು ಹೋಗಿ, ಇಪ್ಪತ್ತು ನಿಮಿಷದಲ್ಲಿ ಕಚೇರಿ ಮುಟ್ಟಿದೆವೆಂದು ಸಂತೋಷಪಟ್ಟು ಮುಂಗಡ ಕೊಟ್ಟು ಬರುತ್ತಾರೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ದಾರಿ ಬೇರೆಯದೇ ಊರಾಗಿರುತ್ತದೆ.

ಮೊದಲು ಆ್ಯಪ್‌ನಲ್ಲಿ ಹೊರಡುವ ಸಮಯವನ್ನು ಕೆಲಸದ ದಿನಕ್ಕೆ ಹೊಂದಿಸಿ ನೋಡಿ. ಅದು 50ರಿಂದ 95 ನಿಮಿಷ ಎಂಬಂತೆ ಎರಡು ಅಂಕಿ ತೋರಿಸಿದರೆ ದೊಡ್ಡದನ್ನೇ ಬರೆದುಕೊಳ್ಳಿ. ಎರಡರ ನಡುವಿನ ಅಂತರವನ್ನೂ ಬರೆಯಿರಿ. ಅಂತರ ದೊಡ್ಡದಾದಷ್ಟೂ ಆ ದಾರಿಯ ಮೇಲೆ ನಂಬಿಕೆ ಕಡಿಮೆ. ಹೀಗೆ ನಾಲ್ಕೈದು ಬಡಾವಣೆಗಳನ್ನು ಜರಡಿ ಹಿಡಿದು, ಉಳಿದ ಎರಡನ್ನು ನೀವೇ ಖುದ್ದಾಗಿ ಹೋಗಿ ಅಳೆಯಬೇಕು. ಮನೆಗೆ ಬೀಗ ಹಾಕುವ ಕ್ಷಣದಿಂದ ಕಚೇರಿಯ ಗೇಟಿನಲ್ಲಿ ಗುರುತಿನ ಚೀಟಿ ತೋರಿಸುವ ಕ್ಷಣದವರೆಗಿನದ್ದು ಮಾತ್ರ ಪ್ರಯಾಣ. ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ: 8:05 ಬೀಗ; 8:16 ನಿಲ್ದಾಣದ ಮೆಟ್ಟಿಲು; 8:21 ಚೀಲ ತಪಾಸಣೆ ದಾಟಿದ್ದು; 8:27 ರೈಲು, ಎರಡನೆಯದು, ಮೊದಲನೆಯದರಲ್ಲಿ ಕಾಲಿಡಲು ಜಾಗವಿರಲಿಲ್ಲ; 9:04 ಇಳಿದದ್ದು; 9:15 ಆಟೊ ಸಿಕ್ಕಿದ್ದು; 9:24 ಗೇಟು. ರೈಲಿನಲ್ಲಿ ಕಳೆದದ್ದು 37 ನಿಮಿಷ, ಒಟ್ಟು ಆದದ್ದು 79. ಆ 42 ನಿಮಿಷ ಯಾವ ಆ್ಯಪಿನಲ್ಲೂ ಸರಿಯಾಗಿ ಕಾಣುವುದಿಲ್ಲ.

ನಿಲ್ದಾಣದಿಂದ ಕಚೇರಿಗೆ ಅಥವಾ ಮನೆಗೆ ಇರುವ ಈ ಕೊನೆಯ ತುಂಡು ದಾರಿಯನ್ನು ಪತ್ರಿಕೆಗಳಲ್ಲಿ ‘ಕೊನೆ ಮೈಲಿ ಸಂಪರ್ಕ’ ಎನ್ನುತ್ತಾರೆ. ಜಾಹೀರಾತುಗಳು ಹೆಚ್ಚಾಗಿ ತಪ್ಪು ದಾರಿಗೆಳೆಯುವುದು ಇಲ್ಲಿಯೇ. ಮೆಟ್ರೊದಿಂದ ಐದೇ ನಿಮಿಷ ಎಂದು ಬರೆದಿದ್ದರೆ ನೀವೇ ನಡೆದು ನೋಡಿ. ದೊಡ್ಡ ರಸ್ತೆಯನ್ನು ದಾಟಬೇಕೆ, ದಾಟಲು ಮೇಲ್ಸೇತುವೆ ಇದೆಯೆ, ಪಾದಚಾರಿ ಮಾರ್ಗದ ಕಲ್ಲುಗಳು ಗಟ್ಟಿಯಾಗಿವೆಯೆ, ರಾತ್ರಿ ಒಂಬತ್ತರ ಮೇಲೆ ಬೀದಿದೀಪ ಉರಿಯುತ್ತದೆಯೆ ಎಂಬುದನ್ನು ಗಮನಿಸಬೇಕು. ಈ ನಡಿಗೆಯನ್ನು ಹೆಂಡತಿ ಒಬ್ಬರೇ, ಸಂಜೆಗತ್ತಲಾದ ಮೇಲೆ ಒಮ್ಮೆ ನಡೆದು ನೋಡುವುದು ಒಳ್ಳೆಯದು. ಅವರು ಬೇಡವೆಂದರೆ ಬೇಡ. ಅದರ ಮೇಲೆ ವಾದ ಮಾಡಬಾರದು.

ಕಂಪನಿಯ ಕ್ಯಾಬ್ ಇದೆಯೆಂದು ನಿರಾಳವಾಗಿರುವವರು ತಮ್ಮ ಕಚೇರಿಯ ಸಾರಿಗೆ ವಿಭಾಗದಲ್ಲಿ ಎರಡು ಪ್ರಶ್ನೆ ಕೇಳಬೇಕು: ಆ ಬಡಾವಣೆ ಕ್ಯಾಬ್ ಬರುವ ಗಡಿಯೊಳಗಿದೆಯೇ, ಮತ್ತು ಅಲ್ಲಿಯ ಪಿಕಪ್ ಎಷ್ಟು ಗಂಟೆಗೆ? ದಾರಿಯ ಕೊನೆಯ ತುದಿಯಲ್ಲಿ ಮನೆಯಿದ್ದರೆ ಬೆಳಿಗ್ಗೆ ಮೊದಲು ಹತ್ತುವವರೂ ನೀವೇ, ರಾತ್ರಿ ಕೊನೆಗೆ ಇಳಿಯುವವರೂ ನೀವೇ. ನಲವತ್ತು ನಿಮಿಷದ ದಾರಿ ಹೀಗೆ ಎರಡು ಗಂಟೆಯಾಗುತ್ತದೆ.

ಹಂತ 5: ವಾರದ ನಿಮಿಷಗಳನ್ನು ಕೂಡಿ

ಈಗ ಅಳತೆಯನ್ನು ದಿನಗಳಿಂದ ಗುಣಿಸಿ. ಹೆಂಡತಿ ಎಲೆಕ್ಟ್ರಾನಿಕ್ ಸಿಟಿಗೆ ವಾರಕ್ಕೆ ಐದು ದಿನ, ಅಂದರೆ ಹೋಗಿಬರುವುದು ಸೇರಿ ಹತ್ತು ಪ್ರಯಾಣ. ಗಂಡ ವೈಟ್‌ಫೀಲ್ಡ್‌ಗೆ ಮೂರು ದಿನ, ಆರು ಪ್ರಯಾಣ ಎಂದಿಟ್ಟುಕೊಳ್ಳಿ. ಕೆಳಗಿನ ನಿಮಿಷಗಳು ಲೆಕ್ಕದ ರೀತಿಯನ್ನು ತೋರಿಸಲು ಹಾಕಿಕೊಂಡವು. ನಿಮ್ಮ ಅಂಕಿಗಳನ್ನು ನೀವೇ ಅಳೆದು ಹಾಕಬೇಕು.

ಬೆಳ್ಳಂದೂರು: ಹೆಂಡತಿಗೆ 65 ನಿಮಿಷದಂತೆ 650, ಗಂಡನಿಗೆ 65ರಂತೆ 390, ಒಟ್ಟು 1,040.
ಹೂಡಿ: ಗಂಡನಿಗೆ 30ರಂತೆ 180, ಹೆಂಡತಿಗೆ 120ರಂತೆ 1,200, ಒಟ್ಟು 1,380.
ಬೊಮ್ಮನಹಳ್ಳಿ: ಹೆಂಡತಿಗೆ 40ರಂತೆ 400, ಗಂಡನಿಗೆ 95ರಂತೆ 570, ಒಟ್ಟು 970.
ಸಿಲ್ಕ್ ಬೋರ್ಡ್ ನಿಲ್ದಾಣದ ಆಸುಪಾಸು: ಹೆಂಡತಿಗೆ 45ರಂತೆ 450, ಗಂಡನಿಗೆ 80ರಂತೆ 480, ಒಟ್ಟು 930.

ಹೂಡಿ ಮೊದಲ ನೋಟಕ್ಕೇ ಬಿದ್ದುಹೋಗುತ್ತದೆ. ಉಳಿದ ಮೂರರ ಮೊತ್ತದಲ್ಲಿ ಅಂತಹ ದೊಡ್ಡ ವ್ಯತ್ಯಾಸವಿಲ್ಲದಿದ್ದರೂ ನಾನು ಬೆಳ್ಳಂದೂರನ್ನು ಬಿಡುತ್ತೇನೆ, ಏಕೆಂದರೆ ಅಲ್ಲಿಯ 1,040 ನಿಮಿಷವೂ ರಸ್ತೆಯ ಮೇಲಿನವು. ಒಂದು ಲಾರಿ ಕೆಟ್ಟು ನಿಂತರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ಬೊಮ್ಮನಹಳ್ಳಿಯಲ್ಲಿ ಹೆಂಡತಿಯ ನಿಮಿಷಗಳು ಹಳಿಯ ಮೇಲಿರುವುದರಿಂದ ಹೆಚ್ಚು ಏರುಪೇರಾಗುವುದಿಲ್ಲ, ಆದರೆ ಗಂಡನ 95 ನಿಮಿಷ ಒಂದೂವರೆ ಗಂಟೆಯ ಗಡಿಯನ್ನು ದಾಟಿದೆ. ಅದೇ ಹಳದಿ ಮಾರ್ಗದಲ್ಲಿ ಒಂದು ನಿಲ್ದಾಣ ಹಿಂದೆ, ಸಿಲ್ಕ್ ಬೋರ್ಡ್‌ಗೆ ಬಂದರೆ ಹೊಸೂರು ರಸ್ತೆಯ ತುಂಡು ತಪ್ಪಿ, ಹೊರವರ್ತುಲ ರಸ್ತೆಯ 500ರ ಸರಣಿಯ ಬಸ್ಸುಗಳು ಅವರಿಗೆ ಹತ್ತಿರವಾಗುತ್ತವೆ. ಒಂದು ಬಡಾವಣೆ ಸರಿಹೋಗದಿದ್ದರೆ ಇಡೀ ದಿಕ್ಕನ್ನು ಕೈಬಿಡುವ ಮೊದಲು ಅದೇ ಮಾರ್ಗದ ಹಿಂದಿನ ಮುಂದಿನ ನಿಲ್ದಾಣಗಳನ್ನು ಪರೀಕ್ಷಿಸಬೇಕೆಂದು ಹೇಳುವುದು ಇದಕ್ಕೇ. ಗಂಡನೂ ಐದು ದಿನ ಹೋಗಬೇಕಾಗಿ ಬಂದರೆ ಸಿಲ್ಕ್ ಬೋರ್ಡ್ ಆಸುಪಾಸಿನ ಮನೆಯಲ್ಲಿ ಮೊತ್ತ 1,250 ಆಗುತ್ತದೆ. ಭಾರವೇ, ಆದರೆ ಯಾರೊಬ್ಬರೂ ಗಡಿ ದಾಟುವುದಿಲ್ಲ.

ಹಂತ 6: ಮೂರನೆಯ ಪ್ರಯಾಣವನ್ನು ಸೇರಿಸಿ

ಮಗುವಿದ್ದರೆ ಅಥವಾ ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಲೆಕ್ಕಕ್ಕೆ ಮೂರನೆಯ ಪ್ರಯಾಣವೊಂದು ಸೇರುತ್ತದೆ. ಶಿಶುಪಾಲನಾ ಕೇಂದ್ರ ಸಂಜೆ ಮುಚ್ಚುವ ಹೊತ್ತಿಗೆ ಅಲ್ಲಿರಬೇಕಾದವರು ಯಾರು? ಮಗುವಿಗೆ ಜ್ವರ ಬಂದಿದೆ ಎಂದು ಮಧ್ಯಾಹ್ನ ಕರೆ ಬಂದರೆ ಮುಕ್ಕಾಲು ಗಂಟೆಯಲ್ಲಿ ತಲುಪಬಲ್ಲವರು ಯಾರು? ಇಬ್ಬರಲ್ಲಿ ಒಬ್ಬರಾದರೂ ಹಾಗೆ ತಲುಪುವಂತಿರಬೇಕು ಎಂಬ ನಿಯಮವನ್ನು ನಾನು ಬೇರೆಲ್ಲ ಲೆಕ್ಕಗಳಿಗಿಂತ ಮೇಲಿಡುತ್ತೇನೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಬ್ಬರಿಗೂ ಸಮನಾಗಿ 65 ನಿಮಿಷ ಹಂಚಿದರೆ ನ್ಯಾಯವಾಯಿತು ಎಂದು ಕೆಲವರು ತಿಳಿಯುತ್ತಾರೆ. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಿ, ಮಗುವನ್ನು ಸಿದ್ಧಪಡಿಸಿ ಹೊರಡುವವರು ಒಬ್ಬರೇ ಆಗಿದ್ದರೆ ಅದು ಸಮಪಾಲಲ್ಲ. ಮನೆಗೆಲಸವನ್ನು ನಿಜವಾಗಿ ಹಂಚಿಕೊಳ್ಳಿ. ಅದು ಸದ್ಯಕ್ಕೆ ಆಗುತ್ತಿಲ್ಲವೆಂದರೆ, ಹೆಚ್ಚು ಕೆಲಸ ಹೊತ್ತವರ ಕಚೇರಿಗೆ ಮನೆ ಹತ್ತಿರವಾಗಬೇಕು.

ಹಂತ 7: ಬಾಡಿಗೆ ಮತ್ತು ಪ್ರಯಾಣದ ಖರ್ಚನ್ನು ಒಟ್ಟಿಗೆ ನೋಡಿ

ಬಾಡಿಗೆಯನ್ನು ಒಂದನ್ನೇ ಹೋಲಿಸುವುದು ಸಾಮಾನ್ಯ ತಪ್ಪು. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೊ ದರ ಕನಿಷ್ಠ 10, ಗರಿಷ್ಠ 90 ರೂಪಾಯಿಯಾಯಿತು. ಸ್ಮಾರ್ಟ್ ಕಾರ್ಡ್ ಇದ್ದರೆ 5% ರಿಯಾಯಿತಿ. ಒಂದು ಬಾರಿಗೆ 60 ರೂಪಾಯಿಯಾದರೆ ತಿಂಗಳಿಗೆ 22 ದಿನಕ್ಕೆ 2,640, ರಿಯಾಯಿತಿ ಕಳೆದು 2,508. ಅದರ ಮೇಲೆ ನಿಲ್ದಾಣದಿಂದ ಎರಡೂ ಹೊತ್ತು ಕನಿಷ್ಠ ದರದ ಆಟೊ ಹಿಡಿದರೆ, 2025ರ ಆಗಸ್ಟ್‌ನಿಂದ ಜಾರಿಯಾದ 36 ರೂಪಾಯಿ ದರದಂತೆ 1,584 ರೂಪಾಯಿ. ಅಂದರೆ ನಿಲ್ದಾಣಕ್ಕೆ ನಡೆದು ಹೋಗುವಂತಹ ಮನೆಗೆ ಸಾವಿರದೈನೂರು ರೂಪಾಯಿ ಬಾಡಿಗೆ ಹೆಚ್ಚಾದರೂ ನಷ್ಟವಿಲ್ಲ. ಕರ್ನಾಟಕದ ನಿವಾಸಿಯಾದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ, ಆದರೆ ಹವಾನಿಯಂತ್ರಿತ ವಜ್ರ ಬಸ್ಸಿಗೆ ಅದು ಅನ್ವಯಿಸದು. ಆ ದಾರಿಯಲ್ಲಿ ಯಾವ ಬಸ್ಸು ಹೆಚ್ಚು ಓಡುತ್ತದೆಂದು ನೋಡಿಕೊಳ್ಳಿ. ಸ್ವಂತ ವಾಹನದವರು ಪೆಟ್ರೋಲ್ ಜೊತೆಗೆ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಟೋಲನ್ನೂ ಸೇರಿಸಬೇಕು.

ಹಂತ 8: ಮನೆಯೊಳಗೆ ಕಾಲಿಟ್ಟಾಗ ಕೇಳಬೇಕಾದದ್ದು

ಪ್ರಯಾಣ ಸರಿಹೋದರೂ ನೀರಿಲ್ಲದಿದ್ದರೆ ಆ ಮನೆ ಪ್ರಯೋಜನವಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ಆದರೆ ನೀವು ನೋಡುತ್ತಿರುವ ಕಟ್ಟಡ ಸಂಪರ್ಕ ಪಡೆದಿದೆಯೇ ಎಂಬುದೇ ಬೇರೆ ಪ್ರಶ್ನೆ. ಮಾಲೀಕರನ್ನಲ್ಲ, ಕೆಳಮನೆಯವರನ್ನೋ ಕಾವಲುಗಾರರನ್ನೋ ಕೇಳಿ: 2024ರ ಬೇಸಿಗೆಯಲ್ಲಿ ಇಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬಂತು? ಹಾಗೆಯೇ 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಈ ಬೀದಿಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು? ಆಗ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಅನೇಕ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋಗಿದ್ದರು.

ಹಂತ 9: ಕರಾರಿನಲ್ಲಿ ಹೊರಬರುವ ದಾರಿ ಇಟ್ಟುಕೊಳ್ಳಿ

ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕಚೇರಿ ಬದಲಾಗುವ ಸಂಭವ ಸದಾ ಇರುತ್ತದೆ. ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಬರೆಯುವ ರೂಢಿ ಬಂದಿರುವುದು, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾದ್ದರಿಂದ. ಆ ಕರಾರಿನಲ್ಲಿ ಎರಡು ಮಾತುಗಳನ್ನು ಗಮನವಿಟ್ಟು ಓದಿ. ‘ಲಾಕ್-ಇನ್’ ಎಂದರೆ ಮನೆ ಖಾಲಿ ಮಾಡಿದರೂ ಬಾಡಿಗೆ ಕೊಡಲೇಬೇಕಾದ ಆರಂಭದ ತಿಂಗಳುಗಳು. ‘ನೋಟಿಸ್’ ಎಂದರೆ ಬಿಡುವ ಮುನ್ನ ತಿಳಿಸಬೇಕಾದ ಅವಧಿ. ಲಾಕ್-ಇನ್ ಮೂರು ತಿಂಗಳಿಗಿಂತ, ನೋಟಿಸ್ ಒಂದು ತಿಂಗಳಿಗಿಂತ ಹೆಚ್ಚಿಲ್ಲದಂತೆ ಮಾತಾಡಿಕೊಳ್ಳಿ. ಮುಂಗಡದಲ್ಲಿ ಬಣ್ಣದ ಖರ್ಚಿಗೆಂದು ಎಷ್ಟು ಹಿಡಿಯುತ್ತಾರೆಂಬುದನ್ನೂ ಬರೆಸಿಕೊಳ್ಳಿ.

ಲಕ್ಷಗಟ್ಟಲೆ ಹಣವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದ ಮೇಲೆ ಹಣ ವಾಪಸು ಪಡೆಯುವ ಭೋಗ್ಯದ ಪದ್ಧತಿ ಆಕರ್ಷಕವಾಗಿ ಕಂಡರೂ, ಹೊಸ ಬಡಾವಣೆಯಲ್ಲಿ ಮೊದಲ ಮನೆಯನ್ನು ಹಾಗೆ ಹಿಡಿಯಬೇಡಿ. ನಡುವೆ ಬಿಡಬೇಕಾಗಿ ಬಂದರೆ ಆ ಹಣ ಕೈಗೆ ಬರುವುದು ಮಾಲೀಕರಿಗೆ ಮುಂದಿನವರು ಸಿಕ್ಕಾಗ. ಸ್ವಂತ ಮನೆ ಕೊಳ್ಳುವ ಆಲೋಚನೆಯಿದ್ದವರೂ ಅದೇ ಬಡಾವಣೆಯಲ್ಲಿ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಬಾಡಿಗೆಯಲ್ಲಿ ಕಳೆಯಲಿ.

ಮನೆಗೆ ಬಂದ ಮೇಲೆ ಮೊದಲ ಎರಡು ವಾರ ನೋಟ್‌ಬುಕ್ಕನ್ನು ಬಾಗಿಲ ಪಕ್ಕದಲ್ಲೇ ಇಡಿ. ಬೀಗ ಹಾಕುವಾಗ ಒಮ್ಮೆ, ಗೇಟು ಮುಟ್ಟಿದಾಗ ಒಮ್ಮೆ ಇಬ್ಬರೂ ಹೊತ್ತು ಬರೆಯಿರಿ. ಅಳತೆಗೂ ವಾಸ್ತವಕ್ಕೂ ಕಾಲು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ಹೊರಡುವ ಹೊತ್ತನ್ನು ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ ಲಾಕ್-ಇನ್ ಮುಗಿಯುವ ಮೊದಲೇ ಮುಂದಿನ ಮನೆಯ ಪಟ್ಟಿ ಶುರುಮಾಡಿ.